ಚಿಕ್ಕಪ್ಪನ ಕೊಟ್ಟಿಗೆ, ನಕ್ಷೆಯ ಹಳ್ಳ

ಆ ಮೂಲೆಯಲ್ಲಿ ಕೊಟ್ಟಿಗೆ ಕಟ್ಟಬೇಡಿ ಎಂದು ನಾನು ಹೇಳಿದ್ದಕ್ಕೆ ನಮ್ಮ ಮನೆಯವರೆಲ್ಲ ಸಾಕ್ಷಿ. ಕುದೇರಿನ ಡೇರಿಗೆ ಹಾಲು ಹೋಗುವ ಸೀಮೆ ನಮ್ಮದು. ಹಾಲಿನ ಗಾಡಿ ನಿಲ್ಲುವ ರಸ್ತೆಗೆ ಅಂಟಿಕೊಂಡೇ ದನ ಇರಬೇಕು ಎಂಬುದು ಚಿಕ್ಕಪ್ಪನ ಹಟ. ನಾನು ಅಲ್ಲಿ ನಿಂತು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿದೆ. ಕಂದಾಯ ಇಲಾಖೆಯ ಜಾಲತಾಣದಿಂದ ಗ್ರಾಮ ನಕ್ಷೆ ಇಳಿಸಿಕೊಂಡೆ. ಅದರಲ್ಲಿ ಜಮೀನಿನ ಅಂಚಿನಲ್ಲೇ ಹಳ್ಳ ಹಾದುಹೋಗಿತ್ತು. ನೆಲದ ಮೇಲೆ ಹಳ್ಳವೇನೂ ಇರಲಿಲ್ಲ; ಎರಡೂ ಕಡೆಯವರು ಉತ್ತು ಬಾಳೆ, ಅರಿಸಿನ ಹಾಕಿದ್ದರು. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಚಿತ್ರ ತೆಗೆದರೆ ಒಣ ಹೊಲಗಳ ನಡುವೆ ಒಂದು ಹಸಿರು ಪಟ್ಟಿ ಅದೇ ಗೆರೆ ಹಿಡಿದು ಬಂದಿತ್ತು.

“ಲೋ ಮಗ, ನಾನು ಹುಟ್ದಾಗಿಂದ ಕಾಣ್ದೆ ಇರೋ ನೀರು ನಿನ್ ಮೊಬೈಲ್‌ಗೆ ಕಂಡದಾ?” ಅಂದರು ಚಿಕ್ಕಪ್ಪ. ಜೊತೆಗಿದ್ದವರು ನಕ್ಕರು. ಕೊಟ್ಟಿಗೆ ಅಲ್ಲೇ ಎದ್ದಿತು. ಚಾಮರಾಜನಗರದ ಕಡೆಯವರಿಗೆ ನೆರೆ ಎಂದರೆ ಟಿವಿಯಲ್ಲಿ ಕಾಣುವ ಕೊಡಗು, ಬೆಳಗಾವಿ.

2022ರ ಆಗಸ್ಟ್ ಕೊನೆಯ ಮಳೆ ನಿಮಗೆ ನೆನಪಿರಬೇಕು. ಸುವರ್ಣಾವತಿ, ಚಿಕ್ಕಹೊಳೆ ಎರಡೂ ಜಲಾಶಯ ತುಂಬಿ ಯಳಂದೂರು ಕಡೆಯ ಊರುಗಳಿಗೆ ನೀರು ನುಗ್ಗಿತು. ಕ್ಯಾಮೆರಾದವರೆಲ್ಲ ಅತ್ತ ಓಡಿದರು. ನಮಗೆ ಬಂದದ್ದು ಹೊಳೆಯ ನೀರಲ್ಲ, ಹೆಸರೂ ಇಲ್ಲದ ಆ ಹಳ್ಳದ ನೀರು.

ರಾತ್ರಿ ಚಿಕ್ಕಮ್ಮನ ಫೋನು. ಟಾರ್ಚ್ ಹಿಡಿದು ಹೋದರೆ ರಸ್ತೆಯ ಮೇಲ್ಗಡೆ ಕೆರೆಯೇ ನಿಂತಿತ್ತು. ಕೆಳಗಡೆ ಮೊಣಕಾಲುದ್ದವೂ ಇಲ್ಲ. ರಸ್ತೆಯೇ ಏರಿಯಾಗಿತ್ತು. ಕೊಟ್ಟಿಗೆಯ ಬಲ್ಬು ಮಾತ್ರ ಉರಿಯುತ್ತಲೇ ಇತ್ತು, ಮೇವು ಕತ್ತರಿಸುವ ಮಿಷನ್ನಿನ ವೈರು ನೀರೊಳಗೆ. ಚಿಕ್ಕಪ್ಪ ಕುಡ್ಲು ಹಿಡಿದು ಇಳಿಯಲು ಹೋದರು. ನಾನು ಹಿಂದಿನಿಂದ ತಬ್ಬಿ ಹಿಡಿದೆ. “ಬುಡ್ಲಾ, ಬುಡ್ಲಾ” ಎಂದು ನನ್ನ ಕೈಗೆ ಹೊಡೆದರು, ಬಿಡಲಿಲ್ಲ. ಪಕ್ಕದ ಹೊಲದ ಹುಡುಗ ಟಿಸಿಯ ಹತ್ತಿರ ಓಡಿದ್ದ. ಅವನು ಕರೆಂಟ್ ತೆಗೆಯುವವರೆಗೆ ನಾವು ರಸ್ತೆಯ ಮೇಲೆ ನಿಂತು ಆ ಬಲ್ಬನ್ನೇ ನೋಡುತ್ತಿರಬೇಕಾಯಿತು. ಒಳಗೆ ದನಗಳು ಅರಚುತ್ತಿದ್ದವು. ಹಾಗೆ ದನ ಅರಚುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಬೂಸದ ಮೂಟೆಗಳು ತೇಲಿ ಬಂದು ಬಾಗಿಲಿಗೆ ಬಡಿಯುತ್ತಿದ್ದವು. ಬಲ್ಬು ಆರಿದೊಡನೆ ಇಳಿದೆವು. ಹಗ್ಗ ನೆನೆದು ಗಂಟು ಬಿಗಿದಿತ್ತು, ಬಿಚ್ಚಲಾಗದೆ ಕತ್ತರಿಸಿದೆವು. ದೊಡ್ಡ ಹಸುಗಳು ಉಳಿದವು. ಮೂಲೆಯಲ್ಲಿ ಕಟ್ಟಿದ್ದ ಕರು ಉಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ ರಸ್ತೆಯಡಿಯ ಮೋರಿಯ ಬಾಯಿಗೆ ಬಾಳೆ ದಿಂಡು ಅಡ್ಡ ಸಿಕ್ಕಿಕೊಂಡಿತ್ತು. ಮೊದಲು ಅಲ್ಲಿ ಕಲ್ಲುಚಪ್ಪಡಿಯ ಅಗಲ ಮೋರಿ ಇತ್ತು. ರಸ್ತೆ ಎತ್ತರಿಸಿದಾಗ ಅದನ್ನು ಕಿತ್ತು ಒಂದೇ ಒಂದು ಸಿಮೆಂಟ್ ಪೈಪ್ ಹಾಕಿಸಿದ್ದರು ಒಬ್ಬ ಇಂಜಿನಿಯರ್ ಮಹಾಶಯರು. ಕೇಳಿದ್ದಕ್ಕೆ ಎಸ್ಟಿಮೇಟ್‌ನಲ್ಲಿ ಅಷ್ಟೇ ಇತ್ತು ಅಂದರು. ಗ್ರಾಮ ನಕ್ಷೆಯನ್ನು ಅವರ ಮೇಜಿನ ಮೇಲೆ ಹರಡಿದೆ. ಟೀ ಲೋಟ ಇಡಲು ಅವರಿಗೆ ಅನುಕೂಲವಾಯಿತು.

ನಿಮ್ಮ ಜಾಗ ನೋಡಿಕೊಳ್ಳುವವರಿಗೆ ಒಂದೆರಡು ಮಾತು. ಮೊದಲು ಗ್ರಾಮ ನಕ್ಷೆ, ಆಮೇಲೆ ಉಪಗ್ರಹ ಚಿತ್ರ. ಎತ್ತರ ತೋರಿಸುವ ನಕ್ಷೆಗಳನ್ನು ಪೂರ್ತಿ ನಂಬಬೇಡಿ. ಪುಕ್ಕಟೆ ಸಿಗುವವುಗಳಲ್ಲಿ ಬಹಳ ಬಳಕೆಯಲ್ಲಿರುವುದು 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ರೇಡಾರ್ ಬೀರಿ ಅಳೆದದ್ದು. ಅದರಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ. ತೆಂಗಿನ ತೋಟವಿದ್ದರೆ ಗರಿಗಳ ಎತ್ತರವೂ ನೆಲದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಮೇಲೆ ಎದ್ದ ರಸ್ತೆ, ಅದರಡಿಯ ಪೈಪು ಯಾವುದೂ ಅಲ್ಲಿಲ್ಲ. ನೀರು ಯಾವ ಕಡೆಯಿಂದ ಬರುತ್ತದೆ ಎಂಬುದಕ್ಕೆ ಅದು ಸಾಕು, ಎಷ್ಟು ಮೇಲೇರುತ್ತದೆ ಎಂಬುದಕ್ಕೆ ಸಾಲದು. ಮೋಡದಾಚೆಯಿಂದಲೂ ನೀರು ಗುರುತಿಸುವ ಯುರೋಪಿನ ಸೆಂಟಿನೆಲ್-1 ಉಪಗ್ರಹದ ಚಿತ್ರಗಳು ಹೊಳೆಯ ನೆರೆಗೆ ಒಳ್ಳೆಯವು. ಹಳ್ಳದ ನೀರೋ, ಉಪಗ್ರಹ ಮರಳಿ ಬರುವಷ್ಟರಲ್ಲಿ ಇಳಿದು ಒಣಗಿರುತ್ತದೆ. ಅದಕ್ಕೇ ಮೋರಿಗಳನ್ನು ನಡೆದುಕೊಂಡೇ ಹೋಗಿ ನೋಡಬೇಕು. ಟೇಪು ಹಿಡಿದು ಅಗಲ ಅಳೆದು, ಫೋಟೋ ತೆಗೆದಿಟ್ಟುಕೊಳ್ಳಿ. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ.

ಚಿಕ್ಕಪ್ಪ ಈಗ ಕೊಟ್ಟಿಗೆಯನ್ನು ಮೇಲಿನ ಹೊಲದಲ್ಲಿ, ನಾನು ಆಗಲೇ ತೋರಿಸಿದ್ದ ಜಾಗದಲ್ಲೇ, ಕಟ್ಟಿದ್ದಾರೆ. ವಾಸ್ತು ನೋಡಿಸಿ ಬದಲಾಯಿಸಿದೆ ಎಂದು ಊರಲ್ಲಿ ಹೇಳಿಕೊಳ್ಳುತ್ತಾರೆ. ಪೈಪು ಮಾತ್ರ ಹಾಗೇ ಇದೆ. ಅದರ ಬಾಯಿಯ ಕಸವನ್ನಾದರೂ ಮುಂಗಾರಿಗೆ ಮೊದಲು ಎತ್ತಿಸಿ ಎಂದು ಅರ್ಜಿ ಬರೆದೆ. ಸಹಿ ಹಾಕಿದವರಲ್ಲಿ ಚಿಕ್ಕಪ್ಪನೂ ಒಬ್ಬರು, ಅಲ್ಲಿಗೆ ಬಾಳೆ ದಿಂಡು ಎಸೆಯುವವರಲ್ಲೂ ಒಬ್ಬರು.