ಕನ್‌ಕಷನ್ ನಂತರ ಸೈನಿಕರ ಚಲನೆ: ಧರಿಸುವ ಸೆನ್ಸರ್‌ಗಳ ಬಳಕೆ

1. ಕನ್‌ಕಷನ್: ತಲೆಗೆ ಬಿದ್ದ ಪೆಟ್ಟು ಅಥವಾ ಸ್ಫೋಟದ ಅಲೆಯಿಂದಾಗುವ ಸೌಮ್ಯ ಮಿದುಳಿನ ಗಾಯ. ಅಮೆರಿಕ ರಕ್ಷಣಾ ಇಲಾಖೆಯ ಮಾನದಂಡದಲ್ಲಿ ಪ್ರಜ್ಞಾಹೀನತೆ 30 ನಿಮಿಷ ಮೀರುವುದಿಲ್ಲ, ಸ್ಕ್ಯಾನ್ ಸಹಜವಾಗಿರುತ್ತದೆ.
ಗಮನಿಸಿ: ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನವರು ಉತ್ತರ ತಪ್ಪುವುದು ಇಲ್ಲಿಯೇ.

2. ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪಕ (1974): ಕನಿಷ್ಠ 3 (ಸೊನ್ನೆಯಲ್ಲ), ಗರಿಷ್ಠ 15. ಸೌಮ್ಯ 13–15, ಮಧ್ಯಮ 9–12, ತೀವ್ರ 3–8.

3. 2020ರ ಜನವರಿ 8: ಇರಾಕಿನ ಅಲ್ ಅಸಾದ್ ನೆಲೆಯ ಮೇಲೆ ಇರಾನಿನ ಕ್ಷಿಪಣಿ ದಾಳಿ. ಮೊದಲು ಯಾರಿಗೂ ಗಾಯವಿಲ್ಲ ಎಂದು ಅಮೆರಿಕ ಹೇಳಿತು. ಬಳಿಕ 100ಕ್ಕೂ ಹೆಚ್ಚು ಅಮೆರಿಕ ಸೈನಿಕರಲ್ಲಿ ಮಿದುಳಿನ ಗಾಯ ದೃಢಪಟ್ಟಿತು. ಕಣ್ಣಿಗೆ ಕಾಣದ ಗಾಯವನ್ನು ಅಳೆಯುವ ಸಾಧನ ಏಕೆ ಬೇಕೆಂಬುದಕ್ಕೆ ಇದೇ ಉದಾಹರಣೆ ಬರೆಯಿರಿ.

4. ಚಲನೆ ಅಳೆಯುವ ಧರಿಸುವ ಸೆನ್ಸರ್, ಅಂದರೆ ಜಡತ್ವ ಮಾಪನ ಘಟಕದ ಭಾಗಗಳು:
• ಆಕ್ಸೆಲೆರೋಮೀಟರ್: ರೇಖೀಯ ವೇಗೋತ್ಕರ್ಷ
• ಗೈರೋಸ್ಕೋಪ್: ಕೋನೀಯ ವೇಗ
• ಮ್ಯಾಗ್ನೆಟೋಮೀಟರ್: ಕಾಂತಕ್ಷೇತ್ರ, ಅದರಿಂದ ದಿಕ್ಕು
ಪರೀಕ್ಷೆಯಲ್ಲಿ ಮೊದಲೆರಡನ್ನು ಅದಲುಬದಲು ಮಾಡಿ ಕೇಳುವುದು ಸಾಮಾನ್ಯ.

5. ಸೆನ್ಸರ್ ಕಟ್ಟುವ ಜಾಗ: ಸೊಂಟ, ತಲೆ, ಕಾಲು. ಅಳೆಯುವುದು: ನಿಂತಾಗಿನ ತೂಗಾಟ, ನಡಿಗೆಯ ವೇಗ, ತಿರುಗುವ ವೇಗ. ನೇರ ನಡಿಗೆ ಸರಿಯಿದ್ದವರೂ ತಿರುಗುವಾಗ, ನಡೆಯುತ್ತಲೇ ಲೆಕ್ಕ ಮಾಡುವಾಗ ತಡವರಿಸಬಹುದು; ಈ ಎರಡನೆಯದು ದ್ವಿಕಾರ್ಯ ಪರೀಕ್ಷೆ. ಹೊರೆ ಹೊತ್ತು ಓಡಿ, ಬಗ್ಗಿ, ತಟ್ಟನೆ ತಿರುಗಬೇಕಾದ ಸೈನಿಕನಿಗೆ ಸ್ಟಾಪ್‌ವಾಚ್ ಪರೀಕ್ಷೆಯಷ್ಟೇ ಸಾಲದು.

6. ಸಮತೋಲನದ ಅಂಗ: ಒಳಗಿವಿಯ ವೆಸ್ಟಿಬ್ಯುಲರ್ ವ್ಯವಸ್ಥೆ. ಕಾಕ್ಲಿಯಾ ಕೇಳುವಿಕೆಗೆ.

7. ವ್ಯತ್ಯಾಸ: ಸ್ಫೋಟಮಾಪಕ ಸೆನ್ಸರ್ ಮುಖ್ಯವಾಗಿ ಅಳೆಯುವುದು ಗಾಳಿಯ ಒತ್ತಡವನ್ನು, ನಡಿಗೆಯನ್ನಲ್ಲ.

8. ಸೆನ್ಸರ್ ಒಂದೇ ರೋಗನಿರ್ಣಯ ಮಾಡದು; ಕರ್ತವ್ಯಕ್ಕೆ ಮರಳುವ ತೀರ್ಮಾನ ವೈದ್ಯರದು.