ಬೀಗದ ಕೈ ನಿನ್ನ ಕೈಗೆ ಬಂದ ಮೇಲೆ

ಪ್ರೀತಿಯ ಅಕ್ಕನ ಮಗಳಿಗೆ ಆಶೀರ್ವಾದಗಳು.

ಆಫೀಸಿನ ಗೆಳತಿಯರ ಜೊತೆ ಕರ್ಜತ್‌ನಲ್ಲಿ ಬಂಗಲೆ ಹಿಡಿದಿದ್ದೀಯಂತೆ. ಎರಡು ರಾತ್ರಿ, ನದಿಯ ದಂಡೆ, ಮೇಲೊಂದು ಈಜುಕೊಳ. ಫೋನಿನಲ್ಲಿ ಅಕ್ಕನ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ದಿಗಿಲು. ಹೋಗಬೇಡ ಎನ್ನುವ ಜಾತಿಯ ಮಾವ ನಾನಲ್ಲ. ಕಾಂದಿವಲಿಯ ಪುಟ್ಟ ಫ್ಲ್ಯಾಟಿನಲ್ಲಿ ಮಳೆಗಾಲ ಕಳೆಯುವವರಿಗೆ ಒಣಗದ ಬಟ್ಟೆಯ ವಾಸನೆಯಿಂದ ಎರಡು ದಿನ ತಪ್ಪಿಸಿಕೊಳ್ಳುವ ಹಕ್ಕು ಇದ್ದೇ ಇದೆ. ಆದರೆ ವೈರಿಂಗ್ ಕೆಲಸದಲ್ಲೇ ತಲೆ ನರೆಸಿಕೊಂಡವನು ನಾನು. ಯಾರ ಮನೆ ಹೊಕ್ಕರೂ ಕಣ್ಣು ಮೊದಲು ಮೇನ್ ಸ್ವಿಚ್ಚಿನ ಕಡೆಗೇ ಹೋಗುತ್ತದೆ. ನಿನ್ನ ಹಾಗೆ ಶನಿವಾರ ಬಂತೆಂದರೆ ಬ್ಯಾಗು ಹೆಗಲಿಗೇರಿಸುವ ನಮ್ಮ ಮಕ್ಕಳು ಈ ಊರಲ್ಲಿ ಬಹಳ ಮಂದಿ. ಅದಕ್ಕೇ ವಾಟ್ಸಾಪ್ ಬಿಟ್ಟು ಪತ್ರಿಕೆಗೆ ಬರೆದೆ.

ಹೋಟೆಲಿನಲ್ಲಿ ರಾತ್ರಿಯಿಡೀ ಯಾರೋ ಒಬ್ಬ ಎಚ್ಚರವಾಗಿರುತ್ತಾನೆ. ಕೆಳಗೆ ಕೌಂಟರಿನಲ್ಲಿ ತೂಕಡಿಸುತ್ತಲಾದರೂ ಇರುತ್ತಾನೆ. ಬಾಡಿಗೆ ಬಂಗಲೆಯಲ್ಲಿ ಕೇರ್‌ಟೇಕರ್ ಬೀಗದ ಕೈ ಕೊಟ್ಟು, ಗೀಸರ್ ಸ್ವಿಚ್ ತೋರಿಸಿ ತನ್ನ ಪಾಡಿಗೆ ಹೋಗಿಬಿಡುತ್ತಾನೆ. ಮಾಲೀಕ ಇರುವುದು ಅಂಧೇರಿಯಲ್ಲೋ ಪುಣೆಯಲ್ಲೋ. ಆ ಹೊತ್ತಿನಿಂದ ಆ ಮನೆಗೆ ಯಜಮಾನಿ ನೀನೇ. ಆದ್ದರಿಂದ ಬ್ಯಾಗು ಬಿಚ್ಚುವ ಮೊದಲು, ರೀಲ್ಸ್ ತೆಗೆಯುವ ಮೊದಲು, ಅರ್ಧ ಗಂಟೆ ಮನೆ ಸುತ್ತು. ಕೇರ್‌ಟೇಕರ್‌ನನ್ನು ಹೊರಡಲು ಬಿಡಬೇಡ, ಜೊತೆಗೇ ಕರೆದುಕೊಂಡು ಸುತ್ತು.

ಮೊದಲು ಬಚ್ಚಲುಮನೆ. ಗೀಸರ್ ಗ್ಯಾಸಿನದೋ ಕರೆಂಟಿನದೋ ನೋಡು. ಗ್ಯಾಸಿನದಾಗಿದ್ದು ಬಚ್ಚಲ ಒಳಗೇ ಇದ್ದರೆ, ಬೇರೆ ಬಚ್ಚಲಿದೆಯೇ ಎಂದು ಕೇಳು. ಇಲ್ಲದಿದ್ದರೆ ಹೊರಗೆ ನೀರು ಕಾಯಿಸಿ ಬಕೆಟ್ಟಿನಲ್ಲಿ ತಂದುಕೋ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದಾಗ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಕಣ್ಣು ಕತ್ತಲೆ, ವಾಂತಿ ಬರುವ ಹಾಗೆ ಅನ್ನಿಸುವುದು, ಅಷ್ಟರಲ್ಲಿ ಕಾಲಲ್ಲಿ ಬಲವಿರುವುದಿಲ್ಲ. ನಮ್ಮ ಪಕ್ಕದ ಬೊರಿವಲಿಯಲ್ಲಿ 2020ರ ಜನವರಿಯಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳು ಹೋದದ್ದು ಹೀಗೆಯೇ, ಸ್ವಂತ ಮನೆಯ ಬಚ್ಚಲಲ್ಲಿ. ಅದೇ ತಿಂಗಳು ನೇಪಾಳದ ದಾಮನ್‌ನ ರೆಸಾರ್ಟ್ ಒಂದರಲ್ಲಿ ಚಳಿಗೆ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಕಿಟಕಿ ಮುಚ್ಚಿ ಮಲಗಿದ ಕೇರಳದ ಎಂಟು ಮಂದಿ ಬೆಳಗ್ಗೆ ಏಳಲಿಲ್ಲ; ಅವರಲ್ಲಿ ನಾಲ್ವರು ಮಕ್ಕಳು. ನೀವು ಬಾರ್ಬೆಕ್ಯೂ ಅನ್ನುತ್ತೀರಲ್ಲ, ಮಳೆ ಬಂತೆಂದು ಆ ಇದ್ದಿಲಿನ ಸಿಗಡಿಯನ್ನು ಹಾಲಿಗೆ ಎಳೆದು ತಂದರೂ ಇದೇ ಕತೆ. ಹೊಗೆ ನಿಂತಿದೆ, ಬರೀ ಕೆಂಡ ಎಂದು ಸಮಾಧಾನ ಪಡಬೇಡ. ವಿಷ ಬರುವುದೇ ಕೆಂಡದಿಂದ.

ಆಮೇಲೆ ನನ್ನ ಕಸುಬಿನ ಮಾತು. ಮೇನ್ ಬೋರ್ಡ್ ಎಲ್ಲಿದೆ ಕೇಳು, ತೆಗೆಸು. ಒಳಗೆ ಟೆಸ್ಟ್ ಎಂಬ ಅಕ್ಷರವಿರುವ ಪುಟ್ಟ ಗುಂಡಿಯ ಬ್ರೇಕರ್ ಇದ್ದರೆ ಒತ್ತು. ಫಟ್ಟೆಂದು ಕರೆಂಟ್ ಹೋಗಬೇಕು. 30 ಮಿಲಿಆಂಪಿಯರ್ ಸೋರಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಲೈನ್ ಕಡಿಯುತ್ತದೆ. ಜೀವ ಉಳಿಸುವುದು ಅದೊಂದೇ. ಒತ್ತಿದರೂ ಕರೆಂಟ್ ಹೋಗದಿದ್ದರೆ, ಅಥವಾ ಅಂಥದ್ದೇ ಇಲ್ಲದಿದ್ದರೆ, ಒದ್ದೆ ಕೈಯಲ್ಲಿ ಯಾವ ಸ್ವಿಚ್ಚೂ ಬೇಡ, ಗೀಸರ್ ಆಫ್ ಮಾಡಿಯೇ ಸ್ನಾನ, ಕೊಳದೊಳಗಿನ ಬಣ್ಣದ ದೀಪಗಳನ್ನು ಹಚ್ಚಿಸಲೇಬೇಡ. ಆ ದೀಪಗಳ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿಲ್ಲ.

ಇನ್ನು ಕೊಳ. ಇಲ್ಲಿ ಸ್ವಲ್ಪ ನಿಧಾನಿಸಿ ಓದು. 2024ರ ನವೆಂಬರ್ 17, ಭಾನುವಾರ, ಉಳ್ಳಾಲದ ಹತ್ತಿರ ಸೋಮೇಶ್ವರ ಉಚ್ಚಿಲದ ರೆಸಾರ್ಟ್ ಒಂದರಲ್ಲಿ ಮೈಸೂರಿನಿಂದ ಬಂದಿದ್ದ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಕೊಳದ ಒಂದು ಬದಿ ಸುಮಾರು ಆರು ಅಡಿ ಆಳ. ಮೂವರಿಗೂ ಈಜು ಬರುತ್ತಿರಲಿಲ್ಲ, ಕಾಯುವವರೂ ಇರಲಿಲ್ಲ. ಒಬ್ಬಳು ಆಳಕ್ಕೆ ಜಾರಿದಳು, ಅವಳನ್ನು ಎಳೆಯಲು ಇನ್ನೊಬ್ಬಳು ಹೋದಳು, ಅವರಿಬ್ಬರಿಗಾಗಿ ಮೂರನೆಯವಳು. ಮೂವರನ್ನೂ ಕೊಂದದ್ದು ಸ್ನೇಹ ಎಂದು ಹೇಳಿದರೆ ಕ್ರೂರವಾಗಿ ಕೇಳಿಸೀತು, ಆದರೆ ನಡೆದದ್ದು ಅದೇ. ರೆಸಾರ್ಟಿನಲ್ಲೇ ಹೀಗಾದರೆ ಬಂಗಲೆಯ ಕೊಳದ ಪಾಡೇನು? ಆಳ ಬರೆದಿರುವುದೇ ಅಪರೂಪ. ನೀನೇ ಉದ್ದ ಕೋಲು ಹಿಡಿದು ಎರಡೂ ತುದಿ ಅಳೆ. ಎದೆಮಟ್ಟ ದಾಟುವ ಜಾಗಕ್ಕೆ ಒಂದು ಹಗ್ಗ ಅಡ್ಡ ಕಟ್ಟಿಸು. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನೀರಿಗಿಳಿಯಬಾರದು. ಬೆಡ್‌ಶೀಟೋ ಹಗ್ಗವೋ ಮುಚ್ಚಳ ಹಾಕಿದ ಖಾಲಿ ಕ್ಯಾನೋ ಎಸೆಯಬೇಕು, ಅದನ್ನು ಮೊದಲೇ ದಡದಲ್ಲಿ ಇಟ್ಟಿರಬೇಕು. ಕತ್ತಲಾದ ಮೇಲೆ, ಕುಡಿದ ಮೇಲೆ ಕೊಳ ಬೇಡ. ಕುಡಿಯುವ ಬಗ್ಗೆ ಮಾವನಿಗೆ ಹೇಗೆ ಗೊತ್ತು ಎಂದು ಕೇಳಬೇಡ, ಮಾರಾಯ್ತಿ.

ನದಿ ದಂಡೆ ಎಂದೆಯಲ್ಲ. ಅದು ಉಲ್ಹಾಸ್ ನದಿಯೇ ಇರಬೇಕು. ರಾಜಮಾಚಿಯ ಬೆಟ್ಟಗಳಲ್ಲಿ ಹುಟ್ಟಿ ಬರುವ ಹೊಳೆ ಅದು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದರೆ ಕೆಳಗೆ ನೀರು ಏರುತ್ತದೆ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿಯ ನಡುವೆ ಇದೇ ನದಿಯ ನೆರೆಯಲ್ಲಿ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಜನರನ್ನು ಹೊರತರಬೇಕಾಯಿತು. ರೈಲಿಗೇ ಆ ಗತಿಯಾದ ಮೇಲೆ ಕಾರು ಯಾವ ಲೆಕ್ಕ? ಗುಡ್ಡದ ಬುಡದ ಬಂಗಲೆಯೂ ಜುಲೈ, ಆಗಸ್ಟ್‌ನಲ್ಲಿ ನನಗೆ ಸರಿಬೀಳುವುದಿಲ್ಲ. ಪಕ್ಕದ ಖಾಲಾಪುರ ತಾಲೂಕಿನ ಇರ್ಶಾಲವಾಡಿ 2023ರ ಜುಲೈನಲ್ಲಿ ರಾತ್ರೋರಾತ್ರಿ ಮಣ್ಣಿನಡಿ ಹೋಯಿತು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಮುಂಗಡ ವಾಪಸ್ ಕೊಡುತ್ತೀರಾ ಎಂದು ಮಾಲೀಕನನ್ನು ಈಗಲೇ ಕೇಳು, ಉತ್ತರವನ್ನು ಮೆಸೇಜಿನಲ್ಲಿ ತರಿಸಿಕೋ. ಕೊಡದಿದ್ದರೂ ಹೋಗಬೇಡ. ದುಡ್ಡು ಹೋದರೆ ಹೋಗಲಿ.

ಮಳೆಗಾಲದಲ್ಲಿ ಹಾವು, ಚೇಳು ಒಣ ಜಾಗ ಹುಡುಕಿಕೊಂಡು ಮನೆಗೆ ಬರುತ್ತವೆ. ನಾವು ಕಡಂಬಳ ಎನ್ನುವ, ಮರಾಠಿಯವರು ಮಣ್ಯಾರ್ ಎನ್ನುವ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಹಾಸಿಗೆ ಸಾಲದೆಂದು ಯಾರೂ ನೆಲದಲ್ಲಿ ಮಲಗಬೇಡಿ. ಬೆಳಗ್ಗೆ ಚಪ್ಪಲಿ, ಶೂ ಕೊಡವಿ ಹಾಕಿಕೊಳ್ಳಿ. ಕೊಂಕಣದ ಕೆಂಪು ಚೇಳು ಹಿಂದೆ ಎಷ್ಟೋ ಮಕ್ಕಳ ಜೀವ ತೆಗೆದಿತ್ತು. ಕರ್ಜತ್ ಇರುವ ಇದೇ ರಾಯಗಡ ಜಿಲ್ಲೆಯ ಮಹಾಡಿನಲ್ಲಿ ಕೂತು ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಆ ಸಾವುಗಳನ್ನು ತಗ್ಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಏನು ಕಚ್ಚಿದರೂ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. 108ಕ್ಕೆ ಫೋನ್ ಮಾಡಿ ನೇರ ಸರ್ಕಾರಿ ಆಸ್ಪತ್ರೆಗೆ.

ಹೆಣ್ಣುಮಕ್ಕಳೇ ಹೋಗುತ್ತಿರುವುದರಿಂದ ಇನ್ನೊಂದು. ಮಲಗುವ ಕೋಣೆಗೆ ಒಳಚಿಲಕ ಇರಲೇಬೇಕು, ಬೀಗದ ಎರಡನೇ ಕೈ ಯಾರ ಬಳಿ ಇದೆ ಎಂದು ಕೇಳಲು ಸಂಕೋಚ ಬೇಡ. ಹಾಸಿಗೆಯ ಕಡೆಗೆ ಮುಖ ಮಾಡಿದ ಗಡಿಯಾರ, ಚಾರ್ಜರ್, ಹೊಗೆಯ ಅಲಾರಂ ಕಂಡರೆ ಅನುಮಾನಿಸು. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ತೆಗೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಜೈಲಿನ ಅಪರಾಧ. ಕ್ಯಾಮೆರಾ ಸಿಕ್ಕರೆ ಮುಟ್ಟಬೇಡ. ಫೋಟೋ ತೆಗೆದು 112ಕ್ಕೆ ಕರೆ ಮಾಡು. ಗುರುತಿಗೆ ಆಧಾರ್ ಕೇಳಿದರೆ ಅಂಕೆ ಮರೆಮಾಡಿದ ಪ್ರತಿ ಕೊಡು. ಪೂರ್ತಿ ಹಣ ಕಳಿಸುವ ಮೊದಲು ಆ ಮನೆಯಿಂದಲೇ ಒಂದು ವೀಡಿಯೊ ಕಾಲ್ ಮಾಡಿಸು. ಇಲ್ಲದ ಬಂಗಲೆಯ ಫೋಟೋ ತೋರಿಸಿ ದುಡ್ಡು ಹೊಡೆಯುವವರಿದ್ದಾರೆ. ಮೋಸವಾದರೆ ತಡಮಾಡದೆ 1930ಕ್ಕೆ ಹೇಳಬೇಕು.

ಸುಖದ ಮಾತು ಸ್ವಲ್ಪವೇ ಇದೆ. ಟಾರ್ಚ್, ಸೊಳ್ಳೆಗೆ ಹಚ್ಚುವ ಕ್ರೀಮು, ಒಂದು ಸ್ವಂತ ಹೊದಿಕೆ, ಕುಡಿಯುವ ನೀರಿನ ದೊಡ್ಡ ಕ್ಯಾನು ಒಯ್ಯಿ. ಅಡುಗೆಯವರಿಗೆ ಎಷ್ಟು ಜನ, ಎಷ್ಟು ಹೊತ್ತಿಗೆ ಊಟ ಎಂದು ಹಿಂದಿನ ದಿನವೇ ತಿಳಿಸು. ಅಲ್ಲಿಯ ಭಾಕ್ರಿ, ಪಿಟ್ಲೆ ಬಿಟ್ಟು ಪಾಸ್ತಾ ಕೇಳಿದರೆ ಎರಡೂ ಕೆಡುತ್ತವೆ. ಕೇರ್‌ಟೇಕರ್‌ನನ್ನು ಕಾಕಾ ಎಂದು ಕರೆದು ಮರಾಠಿಯಲ್ಲಿ ನಾಲ್ಕು ಮಾತಾಡು. ಹೊಳೆ ಯಾವಾಗ ಏರುತ್ತದೆ, ರಾತ್ರಿ ಡಾಕ್ಟರ್ ಎಲ್ಲಿ ಸಿಗುತ್ತಾರೆ ಎಂಬುದು ಮಾಲೀಕನಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವುದು ಕಾನೂನಿಗೂ ವಿರುದ್ಧ, ಬೆಳಗ್ಗೆ ಬೇಗ ಗದ್ದೆಗಿಳಿಯಬೇಕಾದ ಪಕ್ಕದ ವಾಡಿಯವರಿಗೂ ಕಾಟ.

ಒಳಗೆ ಕಾಲಿಟ್ಟ ಕೂಡಲೇ ಕೋಣೆ ಕೋಣೆಯ ವೀಡಿಯೊ ಮಾಡಿಟ್ಟುಕೋ, ಮೊದಲೇ ಒಡೆದ ಕನ್ನಡಿಗೆ ನಿಮ್ಮ ಡಿಪಾಸಿಟ್ ಹಿಡಿಯದಿರಲಿ. ಬಂಗಲೆಯ ಲೊಕೇಶನ್, ಕೇರ್‌ಟೇಕರ್‌ನ ನಂಬರ್ ಎರಡನ್ನೂ ಅಕ್ಕನಿಗೆ ಕಳಿಸು. ನನಗೂ ಕಳಿಸು. ಮೇನ್ ಬೋರ್ಡಿನ ಫೋಟೋ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಇಲ್ಲಿಂದಲೇ ನೋಡಿ ಹೇಳುತ್ತೇನೆ.

ಇತಿ,
ನಿನ್ನ ಸೋದರಮಾವ
ಮಹಾವೀರ ನಗರ, ಕಾಂದಿವಲಿ ಪಶ್ಚಿಮ