ಬರ್ಫದ ಕೆಳಗೆ ಏನಿದೆ? ಅಳೆದವರು ಯಾರು?

ಮಕ್ಕಳೇ,

ಹೋದ ವಾರ ಏಳನೇ ತರಗತಿಯಲ್ಲಿ ಭೂಗೋಳ ಪಾಠ ಮಾಡುವಾಗ ನಾನೊಂದು ತಪ್ಪು ಹೇಳಿದೆ. ನಕಾಶೆಯ ತಳದಲ್ಲಿದ್ದ ಬಿಳಿ ಭಾಗ ತೋರಿಸಿ, "ಇದು ಅಂಟಾರ್ಕ್ಟಿಕಾ, ಎಲ್ಲಾ ಮಂಜುಗಡ್ಡೆ" ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ಆ ಬರ್ಫದ ಕೆಳಗ ಏನೈತ್ರಿ?" ಎಂದು ಕೇಳಿದಳು. ಗಂಟೆ ಹೊಡೆಯುವ ಹೊತ್ತು. ಅವಸರದಲ್ಲಿ "ನೀರವ್ವಾ, ಸಮುದ್ರದ ಮ್ಯಾಲ ತೇಲ್ತೈತಿ" ಅಂದುಬಿಟ್ಟೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡರು. ಅವಳು ಮಾತ್ರ ಕೂಡಲಿಲ್ಲ. "ಯಾರು ನೋಡ್ಯಾರ್ರಿ ಸರ್?" ಅಂದಳು. ತರಗತಿಯೆಲ್ಲಾ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು. ಅದಕ್ಕೇ ಈ ಲೇಖನ.

ಮೊದಲು ತಿದ್ದುಪಡಿ. ತೇಲುವುದು ಉತ್ತರ ಧ್ರುವದ ಹಿಮ. ಅದು ಕೆಲವೇ ಮೀಟರ್ ದಪ್ಪ, ಅದರ ಕೆಳಗೆ ಸಮುದ್ರ. ದಕ್ಷಿಣದ ಅಂಟಾರ್ಕ್ಟಿಕಾ ಒಂದು ಖಂಡ. ಅಂಚಿನಲ್ಲಿ ಸ್ವಲ್ಪ ಹಿಮ ತೇಲುತ್ತದೆ, ಉಳಿದದ್ದೆಲ್ಲ ನೆಲದ ಮೇಲೆ ಕೂತಿದೆ. ಸರಾಸರಿ ದಪ್ಪ ಸುಮಾರು 2 ಕಿಲೋಮೀಟರ್! ಗ್ರೀನ್‌ಲ್ಯಾಂಡಿನಲ್ಲೂ ಹಾಗೆಯೇ, ನೆಲದ ಮೇಲೇ ಹಿಮ.

ಈಗ ಅವಳ ಎರಡನೇ ಪ್ರಶ್ನೆ. ಎರಡು ಕಿಲೋಮೀಟರ್ ಗಡ್ಡೆಯ ಕೆಳಗೆ ಇಣುಕಿ ನೋಡಿದವರು ಯಾರು?

ತಳ ಕಾಣದ ಬಾವಿಗೆ ನೀವು ಏನು ಮಾಡುತ್ತೀರಿ? ಕಲ್ಲು ಹಾಕಿ "ಡುಬುಕ್" ಅನ್ನುವತನಕ ಎಣಿಸುತ್ತೀರಿ. ತಡವಾದರೆ ಬಾವಿ ಆಳ. ವಿಜ್ಞಾನಿಗಳು ಮಾಡಿದ್ದೂ ಇಂಥದ್ದೇ, ಆದರೆ ಅವರು ಕಲ್ಲಿನ ಬದಲು ಸದ್ದನ್ನು ಕಳಿಸಿದರು. ಹಿಮದಲ್ಲಿ ತೂತು ಕೊರೆದು ಸಿಡಿಮದ್ದು ಸಿಡಿಸಿದರೆ, ಸದ್ದಿನ ಅಲೆ ಕೆಳಗಿನ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಹಿಮದಲ್ಲಿ ಸದ್ದು ಸೆಕೆಂಡಿಗೆ ಸುಮಾರು 3,800 ಮೀಟರ್ ಓಡುತ್ತದೆ. ಒಂದು ಸೆಕೆಂಡಿಗೆ ಮರುದನಿ ಬಂತು ಅಂದರೆ ಹೋಗಿಬರುವ ದಾರಿ 3,800 ಮೀಟರ್, ಅದರ ಅರ್ಧ 1,900 ಮೀಟರ್ ದಪ್ಪ. ನೋಡಿ, ಎಷ್ಟು ಸರಳ ಲೆಕ್ಕ!

ಲೆಕ್ಕ ಸರಳ, ಆದರೆ ಅಲ್ಲಿಗೆ ಹೋಗುವುದು ಸರಳ ಇರಲಿಲ್ಲ. 1930ರಲ್ಲಿ ಜರ್ಮನಿಯ ಆಲ್‌ಫ್ರೆಡ್ ವೆಗೆನರ್ ಗ್ರೀನ್‌ಲ್ಯಾಂಡಿಗೆ ತಂಡ ಕಟ್ಟಿಕೊಂಡು ಹೋದರು. ಖಂಡಗಳು ಚಲಿಸುತ್ತವೆ ಎಂದು ಹೇಳಿದವರು ಇವರೇ. ಕರಾವಳಿಯಿಂದ 400 ಕಿ.ಮೀ. ಒಳಗೆ, ಹಿಮದ ನಟ್ಟನಡುವೆ ಒಂದು ಠಾಣೆ ಮಾಡಿದರು. ಅಲ್ಲಿದ್ದವರಿಗೆ ಚಳಿಗಾಲಕ್ಕೆ ಸಾಮಾನು ಸಾಲದು ಎಂದು ತಾವೇ ನಾಯಿಬಂಡಿಯಲ್ಲಿ ಹೊರಟು ಅಕ್ಟೋಬರ್ ಕೊನೆಗೆ ಮುಟ್ಟಿದರು. ನವೆಂಬರ್ 1, ಅವರ ಐವತ್ತನೇ ಹುಟ್ಟುಹಬ್ಬ. ಅಂದೇ ವಾಪಸು ಹೊರಟವರು ದಾರಿಯಲ್ಲಿ ತೀರಿಕೊಂಡರು. ಜೊತೆಗಿದ್ದ ಗ್ರೀನ್‌ಲ್ಯಾಂಡಿನ ತರುಣ ರಾಸ್ಮುಸ್ ವಿಲ್ಲುಮ್ಸೆನ್ ಅವರ ದೇಹವನ್ನು ಅಚ್ಚುಕಟ್ಟಾಗಿ ಹಿಮದಲ್ಲಿ ಹೂತು, ಮುಂದೆ ನಡೆದ. ಅವನು ಮತ್ತೆ ಯಾರಿಗೂ ಸಿಗಲಿಲ್ಲ. ಉಳಿದವರು ಕೆಲಸ ಬಿಡಲಿಲ್ಲ. ನಡುಠಾಣೆಯಲ್ಲಿ ಹಿಮದ ದಪ್ಪ ಎರಡೂವರೆ ಕಿಲೋಮೀಟರಿನ ಆಸುಪಾಸು ಎಂದು ಸದ್ದಿನಿಂದಲೇ ತಿಳಿದರು.

ಅಂಟಾರ್ಕ್ಟಿಕಾದಲ್ಲಿ 1949ರಿಂದ 1952ರವರೆಗೆ ನಾರ್ವೆ, ಬ್ರಿಟನ್, ಸ್ವೀಡನ್ ಕೂಡಿ ಅಳೆದವು. ಗಾರ್ಡನ್ ರಾಬಿನ್ ಎಂಬುವರು ಸಿಡಿಮದ್ದು, ಯಂತ್ರ ಹೇರಿಕೊಂಡು ನೂರಾರು ಕಿಲೋಮೀಟರ್ ಒಳಗೆ ಹೋದರು. ಆ ತಂಡದ ಮೂವರು ಗಾಡಿ ಸಮೇತ ಹಿಮದಂಚಿನಿಂದ ಸಮುದ್ರಕ್ಕೆ ಬಿದ್ದು ಸತ್ತರು. 1957-58ರಲ್ಲಿ ಹಲವು ದೇಶಗಳು ಸೇರಿ ಅಳೆದಾಗ ಇನ್ನೊಂದು ಆಶ್ಚರ್ಯ ಕಾದಿತ್ತು. ಪಶ್ಚಿಮ ಅಂಟಾರ್ಕ್ಟಿಕಾದ ಬಹುಭಾಗದಲ್ಲಿ ಹಿಮದ ಕೆಳಗಿನ ನೆಲ ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿತ್ತು! ಪೂರ್ವದಲ್ಲಿ ಸೋವಿಯತ್ ತಂಡಕ್ಕೆ ಹಿಮದಡಿ ಹೂತುಹೋದ ಒಂದು ಪರ್ವತಸಾಲೇ ಸಿಕ್ಕಿತು. ಅದರ ಹೆಸರು ಗಂಬುರ್ತ್ಸೇವ್ ಪರ್ವತಗಳು.

ಆದರೆ ಪ್ರತಿ ಸಲ ನಿಂತು, ತೂತು ಕೊರೆದು, ಸಿಡಿಸಿ ಅಳೆದರೆ ಖಂಡ ಮುಗಿಯುವುದು ಯಾವಾಗ? ಇದಕ್ಕೆ ದಾರಿ ತೋರಿಸಿದ್ದು ಒಂದು ದೋಷ. ವಿಮಾನದ ಎತ್ತರ ತೋರಿಸುವ ರೇಡಾರು ಹಿಮದ ಮೇಲೆ ಸುಳ್ಳು ಹೇಳುತ್ತಿತ್ತು. ನೆಲ ಇನ್ನೂ ದೂರ ಇದೆ ಅನ್ನುತ್ತಿತ್ತು, ಹಿಮ ಹತ್ತಿರವೇ ಇರುತ್ತಿತ್ತು. ಯಾಕೆ? ರೇಡಿಯೋ ಅಲೆ ಹಿಮದ ಮೇಲೆ ನಿಲ್ಲದೆ ಒಳಗೆ ನುಗ್ಗುತ್ತಿತ್ತು. ಅಮೆರಿಕದ ಅಮೋರಿ ವೇಟ್ 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಪೈಲಟ್ಟಿಗೆ ಶಾಪವಾದದ್ದು ಅಳೆಯುವವರಿಗೆ ವರವಾಯಿತು. ಕೇಂಬ್ರಿಜ್‌ನ ಸ್ಟ್ಯಾನ್ ಎವನ್ಸ್ 1963ರಲ್ಲಿ ಇದಕ್ಕೆಂದೇ ಯಂತ್ರ ಮಾಡಿದರು. 1967ರಿಂದ 1979ರವರೆಗೆ ಬ್ರಿಟನ್, ಅಮೆರಿಕ, ಡೆನ್ಮಾರ್ಕ್ ಕೂಡಿ ವಿಮಾನದಿಂದ ನಾಲ್ಕು ಲಕ್ಷ ಕಿಲೋಮೀಟರಿಗೂ ಹೆಚ್ಚು ದಾರಿ ಅಳೆದವು.

ಆಗ ಕೆಲವು ಕಡೆ ಮರುದನಿ ಕನ್ನಡಿಯಂತೆ ಸಪಾಟಾಗಿ, ಜೋರಾಗಿ ಬಂತು. ಅದು ನೀರು! ರಷ್ಯದ ವೋಸ್ಟೋಕ್ ಠಾಣೆಯ ಕೆಳಗೆ ಸುಮಾರು 250 ಕಿ.ಮೀ. ಉದ್ದದ ಸರೋವರ ಇದೆ ಎಂಬುದು 1996ರಲ್ಲಿ ಪೂರ್ತಿ ಖಚಿತವಾಯಿತು. 2012ರಲ್ಲಿ 3,769 ಮೀಟರ್ ಕೊರೆದು ಅದನ್ನು ಮುಟ್ಟಿದರು. ಅಂದರೆ ನನ್ನ "ನೀರು" ಪೂರ್ತಿ ಸುಳ್ಳಲ್ಲ ಎಂದು ನೀವು ನನ್ನನ್ನು ಬಿಡಬೇಡಿ. ಆ ಸರೋವರದ ಕೆಳಗೂ ನೆಲವೇ ಇದೆ.

ಹೀಗೆ ಕೂಡಿಸಿದ ಅಳತೆಗಳಿಂದ 2001, 2013, 2025ರಲ್ಲಿ ಹಿಮದಡಿಯ ನೆಲದ ನಕಾಶೆಗಳು ಬಂದವು. ಹೊಸ ನಕಾಶೆಯಂತೆ ಅತಿ ದಪ್ಪ ಹಿಮ 4,757 ಮೀಟರ್.

"ಇರಲಿ ಬಿಡ್ರಿ ಸರ್, ತೇಲಿದರೇನು, ಕೂತರೇನು?" ಅನ್ನಬೇಡಿ. ಒಂದು ಲೋಟದಲ್ಲಿ ನೀರು, ಐಸು ಹಾಕಿ ಗುರುತು ಮಾಡಿ. ಐಸು ಕರಗಿದರೂ ನೀರು ಏರುವುದಿಲ್ಲ, ಯಾಕಂದರೆ ಅದು ತೇಲುತ್ತಿತ್ತು. ಇನ್ನೊಂದು ಲೋಟದಲ್ಲಿ ನೀರಿನಿಂದ ಮೇಲೆ ಬರುವಂತೆ ಒಂದು ಕಲ್ಲಿಟ್ಟು, ಅದರ ತಲೆಯ ಮೇಲೆ ಐಸು ಇಡಿ. ಕರಗಿದರೆ ನೀರು ಏರುತ್ತದೆ. ಅಂಟಾರ್ಕ್ಟಿಕಾ ಎರಡನೇ ಲೋಟ. ಅದೆಲ್ಲಾ ಕರಗಿದರೆ ಸಮುದ್ರ ಸುಮಾರು 58 ಮೀಟರ್ ಏರುತ್ತದೆ. ಇಂದು ನಾಳೆ ಹಾಗೆ ಆಗುವುದಿಲ್ಲ. ಆದರೆ ಪಶ್ಚಿಮ ಭಾಗದಲ್ಲಿ ನೆಲವೇ ತಗ್ಗಿನಲ್ಲಿರುವುದರಿಂದ ಬೆಚ್ಚಗಿನ ಸಮುದ್ರದ ನೀರು ಹಿಮದ ಅಡಿಗೆ ನುಗ್ಗಿ ಕರಗಿಸುತ್ತಿದೆ. ಒಂದೆರಡು ಮೀಟರ್ ಏರಿದರೂ ಕಾರವಾರ, ಮಂಗಳೂರಿನ ದಂಡೆಯವರಿಗೆ ಅದು ಸಣ್ಣದಲ್ಲ. ನಾನು ಹೇಳಿಕೊಟ್ಟ ತಪ್ಪನ್ನೇ ನಂಬಿದ್ದರೆ, "ಕರಗಲಿ ಬಿಡು, ಏನೂ ಆಗೋದಿಲ್ಲ" ಎಂದು ನೀವು ತಿಳಿಯುತ್ತಿದ್ದಿರಿ.

ಆದ್ದರಿಂದ ಏಳನೇ ತರಗತಿಯವರು ನೋಟ್‌ಬುಕ್ಕಿನ ಆ ಸಾಲು ಹೊಡೆದುಹಾಕಿ, "ಕೆಳಗೆ ನೆಲವಿದೆ, ಅಳೆದು ನೋಡಿದ್ದಾರೆ" ಎಂದು ಬರೆಯಿರಿ. ಪ್ರಶ್ನೆ ಕೇಳಿ ನಿಂತೇ ಇದ್ದವಳಿಗೆ ನನ್ನ ನಮಸ್ಕಾರ. ಇನ್ನು ಮುಂದೆ "ಯಾರು ನೋಡ್ಯಾರ್ರಿ?" ಎಂದು ಯಾರೇ ಕೇಳಿದರೂ ಈ ಶಾಲೆಯಲ್ಲಿ ಯಾರೂ ನಗಬಾರದು. ನಾನೂ ಸೇರಿ.

ನಿಮಗೊಂದು ಲೆಕ್ಕ: ಹಿಮದಲ್ಲಿ ಸಿಡಿಸಿದ ಸದ್ದು 2 ಸೆಕೆಂಡಿಗೆ ತಿರುಗಿ ಬಂತು. ಹಿಮ ಎಷ್ಟು ದಪ್ಪ? ಅರ್ಧ ಮಾಡುವುದು ಮರೆಯಬೇಡಿ. ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕಿ, ಶನಿವಾರದೊಳಗೆ ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ.

— ನಿಮ್ಮ ವಿಜ್ಞಾನ ಮೇಷ್ಟ್ರು